ಡ್ರೈವರ್ ಇನ್ನೂ ಒಳಗಿದ್ದಾನೆ

ರಾಯಚೂರಿನಲ್ಲಿ ಮಾನ್ವಿ ಬಸ್ಸು ಹತ್ತಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕುಳಿತೆ. ನಾನು ಹೋಗಬೇಕಿದ್ದದ್ದು ದೇವದುರ್ಗಕ್ಕೆ, ಅಕ್ಕ ಶರಣಮ್ಮನ ಮನೆಗೆ. ಎಪ್ಪತ್ತೆಂಟರ ಅವ್ವ ಅಲ್ಲೇ ಇರುವುದು. ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಗೊತ್ತಾಗಿ, ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಗಿತ್ತು. ಅವಳನ್ನು ಕರೆತರುವುದು ನನ್ನ ಕೆಲಸ. ಗಬ್ಬೂರಿನ ಮೇಲೆ ನೆಟ್ಟಗೆ ಹೋಗುವುದು ಬಿಟ್ಟು ಮಾನ್ವಿ ಸುತ್ತಿಕೊಂಡು ಹೊರಟದ್ದಕ್ಕೆ ಕಾರಣ ಒಂದು ಸಿನಿಮಾ.

"ಮಾನ್ವಿ ಟೆಂಟಿನ್ಯಾಗ ನೋಡಿದ್ವಲ್ಲ, ಆ ಪಿಚ್ಚರ್ ತಗೊಂಡು ಬಾ. ದವಾಖಾನಿಗಿ ಹೋಗೂದರಾಗ ಒಮ್ಮಿ ನೋಡಬೇಕು" ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಯಾವುದೆಂದು ಕೇಳಬೇಕಾಗಿರಲಿಲ್ಲ. ಆಗ ನಮ್ಮ ಮನೆ ಕವಿತಾಳದಲ್ಲಿತ್ತು. ಮಾನ್ವಿಯ ಟೂರಿಂಗ್ ಟಾಕೀಸಿಗೆ ಅವ್ವ ಅಕ್ಕನನ್ನೂ ನನ್ನನ್ನೂ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಆ ಒಂದು ಸಿನಿಮಾವನ್ನು ಹಟ ಹಿಡಿದು ಮೂರು ಸಲ ನೋಡಿದ್ದೆವು. ಮುನಿಸಿಕೊಂಡು ಊರು ಬಿಟ್ಟ ತಮ್ಮ ಮನೆಗೆ ಬರುತ್ತಾನೆ, ಇಡೀ ಮನೆ ಸಾಲಾಗಿ ಊಟಕ್ಕೆ ಕೂರುತ್ತದೆ, ತಾಯಿ ನಗುತ್ತಾ ಬಡಿಸುತ್ತಾಳೆ. ಅಲ್ಲಿಗೆ ಮುಗಿಯಿತು; "ಏಳ್ರಿ, ಬಸ್ಸಿಗಿ ಹೊತ್ತಾತು" ಎಂದು ಅವ್ವ ನಮ್ಮನ್ನು ಎಬ್ಬಿಸುತ್ತಿದ್ದಳು. ಈ ನಲವತ್ತು ವರ್ಷ ಅಕ್ಕನೂ ನಾನೂ ಹೇಳಿಕೊಂಡು ಬಂದ ಕಥೆ ಅದೇ.

ಇಂಟರ್ನೆಟ್ಟಿನಲ್ಲಿ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಂಡ ಮೇಲೆ, ಸರಿ ಇದೆಯೋ ಇಲ್ಲವೋ ಎಂದು ಕೊನೆಯ ಭಾಗ ಓಡಿಸಿ ನೋಡಿದೆ. ಊಟದ ದೃಶ್ಯ ಮುಗಿದರೂ ಸಿನಿಮಾ ಮುಗಿಯಲಿಲ್ಲ. ಬಡಿಸುತ್ತಿದ್ದ ತಾಯಿ ಮುಂದಿನ ದೃಶ್ಯದಲ್ಲೇ ಕುಸಿದು ಬೀಳುತ್ತಾಳೆ. ಆಸ್ಪತ್ರೆ, ಆಪರೇಷನ್, ಬಾಗಿಲ ಮೇಲೆ ಕೆಂಪು ದೀಪ. ಡಾಕ್ಟರು ಹೊರಬಂದು ಕನ್ನಡಕ ತೆಗೆಯುತ್ತಾರೆ. ನನ್ನ ಬಾಲ್ಯದ ಅತ್ಯಂತ ಸುಖದ ಸಿನಿಮಾದಲ್ಲಿ ತಾಯಿ ಸಾಯುತ್ತಾಳೆ! ಆಪರೇಷನ್ನಿಗೆ ಹೊರಟ ಅವ್ವನಿಗೆ ಇದನ್ನು ಹೇಗೆ ತೋರಿಸಲಿ? ಕೊನೆಯ ಬಸ್ಸಿನ ಜನರಿಗಾಗಿ ಟೆಂಟಿನವರು ಆ ಭಾಗಕ್ಕೆ ಕತ್ತರಿ ಹಾಕಿರಬೇಕು ಎಂದುಕೊಂಡೆ. ಎಲ್ಲಿ ಕತ್ತರಿಸಿದ್ದರೆಂದು ತಿಳಿದರೆ ನಾನೂ ಅಲ್ಲೇ ನಿಲ್ಲಿಸಬಹುದು.

ನೀರಮಾನ್ವಿ ದಾಟಿ ಮಾನ್ವಿಯಲ್ಲಿ ಇಳಿದಾಗ ಹಸಿವು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಬಿಸಿ ಮಿರ್ಚಿ ತಿಂದೆ. ಟೆಂಟ್ ಇದ್ದ ಜಾಗದಲ್ಲಿ ಈಗ ಮದುವೆಯ ಮಂಟಪ ಎದ್ದಿದೆ. ಆಗ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹುಸೇನಸಾಬ್ ಮಗನ ಟೈರಿನ ಅಂಗಡಿಯಲ್ಲಿ ಕೂತಿರುತ್ತಾರೆ ಎಂದು ಹೋಟೆಲಿನವನು ಹೇಳಿದ. ಹೋಗಿ ಕೇಳಿದ್ದೇ ತಡ, ಆ ವಯಸ್ಸಿನಲ್ಲೂ ಮುದುಕರು ಕೆರಳಿದರು.

"ಕತ್ತರಿ? ಯಾರ ಹೇಳಿದ್ರು ನಿಮಗ? ಒಂದು ಹಾಡು ಕಡಿಮಿ ಆದ್ರ ಮಂದಿ ಟೆಂಟು ಕಿತ್ತಿ ಒಗೀತಿದ್ರು!"

"ಮತ್ತ ಕವಿತಾಳ ಬಸ್ಸು ತಪ್ಪತದಂತ ನಾವು ಎದ್ದು ಓಡತಿದ್ದಿವಲ್ಲ, ಚಾಚಾ?"

"ಬಸ್ಸು ಹೆಂಗ ತಪ್ಪತದವ್ವಾ? ಆ ಬಸ್ಸಿನ ಡ್ರೈವರು, ಕಂಡಕ್ಟರು ಇಬ್ರೂ ನಮ್ಮ ಟೆಂಟಿನ್ಯಾಗೇ ಕುಂತಿರತಿದ್ರು, ಪುಕ್ಕಟ. ಪಿಚ್ಚರ್ ಮುಗದು ಅವರು ಎದ್ದರ ಬಸ್ಸು ಹೋಗೂದು. ಊರಿಗೆಲ್ಲಾ ಗೊತ್ತಿದ್ದ ಮಾತು ಅದು."

ಮುದುಕರು ನನ್ನ ಮುಖವನ್ನೇ ನೋಡಿದರು.

"ಒಬ್ಬಾಕಿ ಹೆಣ್ಮಗಳು ಇದ್ದಳು. ಎರಡು ಸಣ್ಣ ಹುಡುಗೀರನ್ನ ಎಳಕೊಂಡು ಮುಗಿಯೂದರಾಗೇ ಹೊರಗ ಬರೂದು. ಯಕ್ಕಾ, ಇನ್ನ ಅದ, ಕುಂದರ್ರಿ ಅಂದೆ. ಮುಂದಿಂದು ನನಗ ಗೊತ್ತದ ಅಂದಳು. ನಿಮ್ಮವ್ವನಾ?"

ಹೌದೆಂದು ತಲೆಯಾಡಿಸಿ ನಿಲ್ದಾಣಕ್ಕೆ ಬಂದೆ. ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗ ಮುಟ್ಟುವವರೆಗೂ ತಲೆಯಲ್ಲಿ ಅದೇ. ದಾರಿಯುದ್ದಕ್ಕೂ ಭತ್ತದ ಗದ್ದೆ, ಹತ್ತಿಯ ಹೊಲ ಬಂದುಹೋದವು, ಒಂದನ್ನೂ ಸರಿಯಾಗಿ ನೋಡಲಿಲ್ಲ. ಮಾನ್ವಿ ನಿಲ್ದಾಣದ ಕಟ್ಟೆಯ ಮೇಲೆ ಮೂವರೂ ಶೇಂಗಾ ತಿನ್ನುತ್ತಾ ಕೂರುತ್ತಿದ್ದದ್ದು ನೆನಪಾಯಿತು. ಬಸ್ಸು ತಪ್ಪುತ್ತದೆಂದು ಓಡಿಬಂದವರು ಹೊಟ್ಟೆ ತುಂಬ ಶೇಂಗಾ ಸುಲಿದು ತಿನ್ನುವಷ್ಟು ಹೊತ್ತು ಕಾಯುತ್ತಿದ್ದೆವಲ್ಲ! ಇಷ್ಟು ವರ್ಷ ಅದೊಂದು ಪ್ರಶ್ನೆ ನನ್ನಂಥ ಬುದ್ಧಿವಂತೆಗೆ ಹೊಳೆದಿರಲಿಲ್ಲ.

ಅಕ್ಕ ಊಟಕ್ಕೆ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಟಿವಿಗೆ ಪೆನ್‌ಡ್ರೈವ್ ಹಾಕಿದೆ. ಅವ್ವ ಗೋಡೆಗೊರಗಿ ಕೂತಳು, ತೊಡೆಯ ಮೇಲೆ ಅಕ್ಕನ ಮೊಮ್ಮಗಳು ಐದು ವರ್ಷದ ಗೌರಿ. ಹಾಸ್ಯಕ್ಕೆ ನಕ್ಕಳು, ಹಾಡಿಗೆ ತಲೆದೂಗಿದಳು. ಆ ಮುಖ ಎಷ್ಟು ಸೊರಗಿಹೋಗಿತ್ತು! ತಮ್ಮ ಬಂದ, ಊಟದ ಸಾಲು ಕೂತಿತು, ತಾಯಿ ಬಡಿಸಿದಳು. ನಾನು ರಿಮೋಟ್ ಹಿಡಿದು ಎದ್ದೆ.

"ಏಳು ಯವ್ವಾ, ಬಸ್ಸಿಗಿ ಹೊತ್ತಾತು."

ನಾಲಿಗೆಗೆ ಬಂದದ್ದು ಅವಳದೇ ಮಾತು. ಅವ್ವ ಬೆಚ್ಚಿ ನನ್ನತ್ತ ನೋಡಿದಳು. ಆಮೇಲೆ ನಿಧಾನವಾಗಿ ಗೌರಿಯನ್ನು ತೊಡೆಯಿಂದ ಇಳಿಸಿದಳು.

"ನೀ ಹೊರಗ ಆಡಿಕೋ ಹೋಗು, ತಂಗಿ." ಮಗು ಓಡಿತು. ಅವ್ವ ನನ್ನ ಕಡೆ ತಿರುಗಿದಳು. "ನೀ ಕುಂದರು. ಡ್ರೈವರ್ ಇನ್ನ ಒಳಗ ಅದಾನ."

ನಾನು ರಿಮೋಟ್ ಕೆಳಗಿಟ್ಟು ಕೂತೆ. ಏನೂ ತಿಳಿಯದ ಅಕ್ಕ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಟಿವಿಯಲ್ಲಿ ಕೆಂಪು ದೀಪ ಹತ್ತಿತು. ಡಾಕ್ಟರು ಕನ್ನಡಕ ತೆಗೆದಾಗ ಅಕ್ಕ "ಅಯ್ಯ ಶಿವನ, ಇದೇನಿದು!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವ್ವ ಮಾತ್ರ ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿದಳು.

"ನಿಮ್ಮಪ್ಪನ ಜೋಡಿ ರಾಯಚೂರಾಗ ಮೊದಲ ಇದನ್ನ ನೋಡಿದ್ದೆ" ಎಂದಳು. "ಅವತ್ತೇ ಡಾಕ್ಟರು ನನಗ ಆಪರೇಷನ್ ಮಾಡಬೇಕು ಅಂದಿದ್ರು. ಮನಸ್ಸು ಹಗುರಾಗಲಿ ಅಂತ ಪಿಚ್ಚರಿಗಿ ಕರಕೊಂಡು ಹೋದ, ಪಾಪ. ಕಡೀಕ ನಾನೇ ಅವನಿಗಿ ಸಮಾಧಾನ ಹೇಳಬೇಕಾತು. ಆಮ್ಯಾಲ ಮಾನ್ವಿಗಿ ಬಂತು, ನೀವು ಬಿಡಲಿಲ್ಲ. ಊಟದ ತನಕ ಚಂದ ಅದಲ್ಲ, ಅಷ್ಟು ತೋರಿಸಿದೆ."

"ಯಾವ ಆಪರೇಷನ್, ಯವ್ವಾ?" ಅಕ್ಕನ ದನಿ ಏರಿತು. "ಯಾವಾಗ?"

"ಪಿಚ್ಚರ್ ಮಾನ್ವಿಗಿ ಬಂದ ವರ್ಷ, ಬ್ಯಾಸಗ್ಯಾಗ."

"ಆ ಬ್ಯಾಸಗ್ಯಾಗ ನೀ ಅಪ್ಪನ ಜೋಡಿ ಶ್ರೀಶೈಲಕ್ಕ ನಡಕೊಂಡು ಹೋಗಿದ್ದೆಲ್ಲಾ!"

"ಯಾವ ಶ್ರೀಶೈಲ. ದವಾಖಾನ್ಯಾಗ ಮಲಗಿದ್ದೆ."

"ಮತ್ತ ಪ್ರಸಾದ ತಂದಿದ್ದಿ?"

"ರಾಯಚೂರು ಪ್ಯಾಟ್ಯಾಗ ನಿಮ್ಮಪ್ಪ ತಂದ ಬತ್ತಾಸು ಅವು."

ಅಕ್ಕ ಅಳುತ್ತಾಳೋ ಜಗಳ ತೆಗೆಯುತ್ತಾಳೋ ಎಂದು ಹೆದರಿದೆ. ಎರಡೂ ಆಗದೆ ಅವಳು ಅವ್ವನ ಪಾದ ಹಿಡಿದುಕೊಂಡು ಕೂತುಬಿಟ್ಟಳು. ಆ ಬತ್ತಾಸನ್ನು ನಾನು ಕಣ್ಣಿಗೊತ್ತಿಕೊಂಡು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ಅದೇ ಬೇಸಿಗೆ ನಾವು ತಾಯಿಯನ್ನು ಕಳೆದುಕೊಳ್ಳಬಹುದಿತ್ತು, ನಮಗೆ ಸುದ್ದಿಯೇ ಇರಲಿಲ್ಲ.

"ಈಗ ಹೆದರಿಕಿ ಆಗತದನು, ಯವ್ವಾ?" ಎಂದು ಕೇಳಿದೆ.

"ಆಗತದ. ಅದಕ್ಕ ಪೂರಾ ನೋಡಬೇಕಂತ ತರಿಸಿದೆ. ಆವಾಗ ಒಬ್ಬಾಕಿನೇ ಹೆದರಿದ್ದೆ, ಈಗ ನೀವಿಬ್ರೂ ಅದೀರಿ."

ಮರುದಿನ ಬೆಳಿಗ್ಗೆ ರಾಯಚೂರು ಬಸ್ಸಿಗೆ ಬೇಗನೆ ಬಂದೆವು. ಡ್ರೈವರ್ ಚಹಾದಂಗಡಿಯ ಮುಂದೆ ನಿಂತಿದ್ದ. ಅವ್ವ ಶೇಂಗಾ ಕೊಡಿಸೆಂದಳು. ಮೂವರೂ ಸೀಟಿನಲ್ಲಿ ಕೂತು ಸುಲಿಯತೊಡಗಿದೆವು. ಗೌರಿ, ಕಳಿಸಲು ಬಂದಿದ್ದ ಅವಳಮ್ಮನ ಕಂಕುಳಿನಿಂದ ಕಿಟಕಿಯ ಸರಳು ಹಿಡಿದುಕೊಂಡು, "ಎಲ್ಲಾರೂ ಎಲ್ಲಿಗಿ ಹೊಂಟೀರಿ?" ಎಂದು ಕೇಳಿದಳು.

ಅವ್ವ ನನ್ನ ಮುಖ ನೋಡಿದಳು.

"ಶ್ರೀಶೈಲಕ್ಕ" ಎಂದೆ.

ಅಷ್ಟರಲ್ಲಿ ಡ್ರೈವರ್ ಬಂದು ಹತ್ತಿದ. ಬಸ್ಸು ಹೊರಳಿದಾಗ ತಿರುಗಿ ನೋಡಿದೆ. ಮಗು ಕೈ ಬೀಸುತ್ತಾ, ಪ್ರಸಾದ ತರಬೇಕೆಂದು ಕೂಗುತ್ತಿತ್ತು.