ಒಳಕಲ್ಲು ತೀರ್ಥಕ್ಕೆ ತಮ್ಮ ಕೈ ಹಾಕಿದ್ದು

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಬಸ್ಸು ಹೊರಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಹೆಂಗಸಾದ್ದರಿಂದ ನನಗೆ ಉಚಿತ ಚೀಟಿ, ತಮ್ಮ ಮಂಜುನಾಥನಿಗೆ ದುಡ್ಡಿನ ಟಿಕೆಟ್. ಕಿಟಕಿ ಪಕ್ಕ ಕೂತು ಶಿವಗಂಗೆ ಬೆಟ್ಟ ಯಾವಾಗ ಕಾಣುತ್ತದೆಂದು ಅವನು ಕಾಯುತ್ತಿದ್ದ.

ಮಂಜುವಿಗೆ ಸ್ಕಿಜೋಫ್ರೇನಿಯಾ ಇದೆ. ಯಾರೂ ಇಲ್ಲದಾಗಲೂ ಅವನಿಗೆ ದನಿ ಕೇಳಿಸುತ್ತದೆ. ಕೆಲವು ವರ್ಷಗಳ ಹಿಂದೆ ಆ ದನಿಯನ್ನು ಶಿವನದೆಂದೇ ನಂಬಿ, ಅದು ಹೇಳಿತೆಂದು ಊಟವನ್ನೂ ಮಾತ್ರೆಯನ್ನೂ ಬಿಟ್ಟುಬಿಟ್ಟಿದ್ದ. ಆಸ್ಪತ್ರೆಯಿಂದ ಚೇತರಿಸಿಕೊಂಡು ಬಂದ ಮೇಲೂ ಅಮ್ಮ ದೇವರ ಮನೆಗೆ ಬೀಗ ಹಾಕಿಯೇ ಇಟ್ಟಿದ್ದಳು. "ಮಾತ್ರೆ ಬಿಡಿಸ್ಬೇಡಿ, ದೇವರನ್ನೂ ಬಿಡಿಸ್ಬೇಡಿ" ಎಂದು ಡಾಕ್ಟರೇ ಹೇಳಿದ ಮೇಲೆ ಬಾಗಿಲು ತೆರೆಯಿತು. ಈಗ ಬೆಳಿಗ್ಗೆ ದೀಪ ಹಚ್ಚಿಯೇ ಅವನು ಮನೆಯ ವಿದ್ಯುತ್ ಮಗ್ಗದ ಸ್ವಿಚ್ ಒತ್ತುವುದು. ಆದರೂ ಬೆಟ್ಟ ಹತ್ತಬೇಕೆಂದು ಕೇಳಿದಾಗ ಅಮ್ಮ ಹೆದರಿದಳು. ಜೊತೆಗೆ ನಾನು ಹೊರಟೆ.

ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ ತಿಂದು ಅವನು ಮಾತ್ರೆ ನುಂಗಿದ. ಅಲ್ಲಿಂದ ಬೆಟ್ಟದ ಬುಡಕ್ಕೆ ಆಟೋ. ಗುಹೆಯೊಳಗಿನ ಗಂಗಾಧರೇಶ್ವರನ ಮುಂದೆ ಕಣ್ಮುಚ್ಚಿ ನಿಂತವನ ತುಟಿ ಅಲುಗುತ್ತಿತ್ತು. ಆ ದನಿಗೇನಾದರೂ ಉತ್ತರ ಕೊಡುತ್ತಿದ್ದಾನೋ ಎಂದು ಹತ್ತಿರ ಸರಿದು ಕೇಳಿಸಿಕೊಂಡೆ. ಓಂ ನಮಃ ಶಿವಾಯ ಅಷ್ಟೇ.

ಮೆಟ್ಟಿಲುಗಳ ಮೇಲೆ ಕೋತಿಗಳ ಕಾಟ. ನನ್ನ ಕೈಯಲ್ಲಿದ್ದ ಸೌತೆಕಾಯಿ ಹೋಯಿತು. ನಗುತ್ತಲೇ ಒಳಕಲ್ಲು ತೀರ್ಥಕ್ಕೆ ಬಂದೆವು. ಗವಿಯೊಳಗಿನ ಬಂಡೆಯಲ್ಲಿ ಒರಳಿನಂಥ ಆಳದ ಕುಳಿ. ಕೈ ಇಳಿಬಿಟ್ಟರೆ ಕೆಲವರಿಗೆ ನೀರು ತಾಕುತ್ತದೆ, ಕೆಲವರಿಗೆ ಇಲ್ಲ.

"ನೀರು ಸಿಗ್ಲಿಲ್ಲ ಅಂದ್ರೆ ಪಾಪಿ ಅಂತ ಲೆಕ್ಕ" ಎಂದು ಸಾಲಿನಲ್ಲಿದ್ದವನೊಬ್ಬ ತಮಾಷೆ ಮಾಡಿದ.

ಮಂಜುವಿನ ಕಿವಿಯಲ್ಲಿ ಆ ದನಿ ದಿನವೂ ಕೂಗುತ್ತಿದ್ದದ್ದು ಅದೇ ಮಾತು.

"ಬಿಸಿಲಾಗುತ್ತೆ ಕಣೋ, ಮೇಲಕ್ಕೆ ಹೋಗೋಣ ಬಾ" ಎಂದೆ.

"ಇರಕ್ಕ, ನಾನೂ ನೋಡ್ತೀನಿ."

ಬಂಡೆಗೆ ಒರಗಿ ಭುಜದವರೆಗೂ ಕೈ ಇಳಿಸಿದ. ಬಹಳ ಹೊತ್ತು ತಡಕಾಡಿದ. ಮೇಲೆತ್ತಿದಾಗ ಬೆರಳುಗಳು ಒಣಗಿಯೇ ಇದ್ದವು.

"ಸಿಕ್ತಾ ಗುರು?" ಎಂದ ಹಿಂದಿನವನು.

"ಇಲ್ಲ ಗುರು, ನನ್ ಕೈ ಗಿಡ್ಡ!"

ಸಾಲೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಹೊರಗೆ ನೆರಳಿನಲ್ಲಿ ಕೂತ ಮೇಲೆ ಕೇಳಿದೆ, "ಬೇಜಾರಾಯ್ತೇನೋ?"

"ಕೈ ಒಳಗಿದ್ದಾಗ ಅದು ಬೈತು ಕಣಕ್ಕ. ಪಾಪಿ ಅಂತು."

"ಆಮೇಲೆ?"

"ಬೈಕೊಳ್ಳಲಿ ಬಿಡು. ಮೊದ್ಲು ಅದನ್ನೇ ಶಿವ ಅಂದ್ಕೊಂಡಿದ್ದೆ. ಶಿವ ಯಾಕೆ ಹಂಗೆ ಬೈತಾನೆ? ಬೆಳಿಗ್ಗೆ ದೀಪ ಹಚ್ಚಿ ಕೂತಾಗ ನನ್ ಜೊತೆ ಸುಮ್ನೆ ಕೂತಿರ್ತಾನಲ್ಲ, ಅವನು ಶಿವ."

ಗಾಳಿ ತಂಪಾಗಿತ್ತು. ಅವನು ಕಡಲೆಕಾಯಿ ಸುಲಿದು ನನ್ನ ಕೈಗೂ ಹಾಕಿದ. ತುದಿಯವರೆಗೆ ಹತ್ತಲು ನನ್ನ ಮಂಡಿ ಒಪ್ಪಲಿಲ್ಲ, ಅಲ್ಲಿಂದಲೇ ಇಳಿದೆವು.

ವಾಪಸಾಗುವ ಬಸ್ಸಿನಲ್ಲಿ ಅವನು ಇದ್ದಕ್ಕಿದ್ದಂತೆ ಕೇಳಿದ, "ಅಕ್ಕ, ನೀನ್ಯಾಕೆ ಕೈ ಹಾಕ್ಲೇ ಇಲ್ಲ?"

"ನೀರು ಸಿಗದಿದ್ರೆ ಅಂತ ಭಯ ಆಯ್ತು ಕಣೋ."

ಮಂಜು ನನ್ನನ್ನೇ ದಿಟ್ಟಿಸಿದ. ಆಮೇಲೆ, ಇಷ್ಟು ವರ್ಷ ನಾವು ಅವನಿಗೆ ಹೇಳುತ್ತಿದ್ದಂತೆಯೇ, ಮೆಲ್ಲಗೆ ನನ್ನ ಬೆನ್ನು ತಟ್ಟಿ ಹೇಳಿದ:

"ಏನೂ ಆಗಲ್ಲ. ನಾನಿದ್ದೀನಲ್ಲ."