ವಾಕಿಟಾಕಿಯಲ್ಲಿ ಕಡಬು

ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ನಕ್ಕುಬಿಡುವ ಜಾತಿ ನನ್ನದು. ವೈರ್‌ಲೆಸ್ ತರಂಗಗಳೇ ನನ್ನ ಹೊಟ್ಟೆಪಾಡು. ಯಾವ ತರಂಗಾಂತರ ಪೊಲೀಸರಿಗೆ, ಯಾವುದು ಆಂಬುಲೆನ್ಸಿಗೆ, ಯಾವುದರಲ್ಲಿ ಮಕ್ಕಳ ಆಟದ ಕಾರು ಓಡಬಹುದು ಎಂಬುದೆಲ್ಲ ಮೊದಲೇ ಹಂಚಿಕೆಯಾಗಿರುತ್ತದೆ. ಕಳಿಸುವವರಿಲ್ಲದೆ ಗಾಳಿಯಲ್ಲಿ ಮಾತು ಬರುವುದಿಲ್ಲ ಎಂದು ಗಟ್ಟಿಯಾಗಿ ನಂಬಿದವಳು ನಾನು. ಈಗಲೂ ನಂಬುತ್ತೇನೆ, ಒಂದು ಸಂಜೆಯನ್ನು ಬಿಟ್ಟು.

ಪವಾಯಿಯ ನಮ್ಮ ಬಿಲ್ಡಿಂಗಿನಲ್ಲಿ ಒಂದೂವರೆ ದಿನದ ಗಣಪತಿ ಕೂರಿಸುತ್ತೇವೆ. ವಿಸರ್ಜನೆಯ ದಿನ ಕೆರೆಯ ಹತ್ತಿರ ಜನವೋ ಜನ, ಮೊಬೈಲ್ ಇದ್ದೂ ಇಲ್ಲದಂತೆ. ಹಾಗಾಗಿ ಆ ವರ್ಷ ಸೆಕ್ರೆಟರಿ ಸಾವಂತರು ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ ವಾಕಿಟಾಕಿ ತರಿಸಿದರು. ಆನ್ ಮಾಡಿದರೆ ಅದರಲ್ಲಿ ಯಾವುದೋ ಆಂಬುಲೆನ್ಸಿನವರ ಮಾತುಕತೆ. ಕಮಿಟಿಯವರೆಲ್ಲ ಟೀವಿ ಸೀರಿಯಲ್ಲಿಗೆ ಕೂತವರ ಹಾಗೆ ಸುತ್ತ ಕೂತು ಕೇಳುತ್ತಿದ್ದರು. ನಾವು ಗುಂಡಿ ಒತ್ತಿ "ಹಾರ ಎಲ್ಲಿ" ಎಂದು ಕೂಗಿದರೆ ಅಲ್ಲಿ ರೋಗಿಯ ವಿಳಾಸವೇ ಮುಳುಗಿಹೋದೀತು. ಜಗಳವಾಡಿ ಅವನ್ನು ವಾಪಸ್ ಕಳಿಸಿ, ಲೈಸೆನ್ಸ್ ಬೇಡದ, ಜನಸಾಮಾನ್ಯರಿಗೆಂದೇ ಬಿಟ್ಟ ತರಂಗಾಂತರದ ಸಣ್ಣ ಸೆಟ್ಟುಗಳನ್ನು ತರಿಸಿದೆ. ಎಲ್ಲರಿಗೂ ಒಂದೇ ಚಾನೆಲ್. ಮಾತಾಡುವ ಮೊದಲು ಹೆಸರು ಹೇಳಬೇಕು, ಆ ಹೆಸರೂ ಪ್ರಸಾದದ್ದೇ ಆಗಿರಬೇಕು. ಸಾವಂತರು ಮೋದಕ, ನಾನು ಲಾಡು, ಗೇಟಿನಲ್ಲಿ ನಿಂತವನು ಪೇಢಾ.

ನಮ್ಮಪ್ಪ ಮೈಸೂರಿನಿಂದ ಬಂದಿದ್ದರು. ಸಕ್ಕರೆ ಕಾಯಿಲೆ, ಹಿಂದಿ ಬಾರದು, ಉತ್ಸಾಹಕ್ಕೆ ಮಾತ್ರ ಬರವಿಲ್ಲ. ಇನ್ಸುಲಿನ್ ಚುಚ್ಚಿಕೊಂಡಾಗಿತ್ತು, ಊಟಕ್ಕೆ ಕೂರಬೇಕಾದವರು ಡೋಲಿನ ಸದ್ದು ಕೇಳಿದ್ದೇ ಫೋನನ್ನೂ ಬಿಟ್ಟು ಮೆರವಣಿಗೆಯ ಹಿಂದೆ ಬಂದುಬಿಟ್ಟಿದ್ದರು. ಅರ್ಧ ದಾರಿಯಲ್ಲಿ ನೋಡಿ ಬೈದೆ. "ಹೋಗಿ ಉಣ್ತೀನಿ ಬಿಡಮ್ಮ" ಎಂದರು. ಕೆರೆ ದಂಡೆಯಲ್ಲಿ ತಿರುಗಿ ನೋಡಿದರೆ ಅಪ್ಪ ಇಲ್ಲ.

ಇನ್ಸುಲಿನ್ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪೀತೆಂದು ಗೊತ್ತಿದ್ದವರಿಗೆ ನನ್ನ ಅವಸ್ಥೆ ಅರ್ಥವಾದೀತು. ಸೆಟ್ಟಿನಲ್ಲಿ ಎಲ್ಲರನ್ನೂ ಕೇಳಿದೆ. ಯಾರೂ ನೋಡಿರಲಿಲ್ಲ. ಇನ್ನೊಮ್ಮೆ ಕೇಳಬೇಕೆನ್ನುವಷ್ಟರಲ್ಲಿ ಸೆಟ್ಟು ಗೊರಗುಟ್ಟಿತು.

"ಲಾಡು, ಲಾಡು, ನಾ ಕಡಬು ಮಾತಾಡಾಕತ್ತೀನಿ. ನಿಮ್ಮ ಅಪ್ಪಾರು ಇಲ್ಲೇ ಅದಾರ್ರಿ. ಬಸ್ ಸ್ಟಾಪಿನ ಹಿಂದ ಕಟ್ಟಿ ಮ್ಯಾಲ ಕುಂತಾರ. ಕೈ ನಡಗಾಕತ್ತಾವು. ಸಿಹಿ ಏನರ ತಗೊಂಡು ಲಗೂ ಬರ್ರಿ."

"ಯಾವ ಬಸ್ ಸ್ಟಾಪ್ ರೀ?"

"ಹೂವಿನ ಅಂಗಡಿ ಎದುರಿಗಿಂದು. ಗಾಬರಿ ಆಗಬ್ಯಾಡ್ರಿ, ನಾ ಅದೀನಿ."

ನಮ್ಮ ಗುಂಪಿನಲ್ಲಿ ಕಡಬು ಎಂಬ ಹೆಸರಿನವರು ಇರಲಿಲ್ಲ. ಕನ್ನಡದವಳು ನಾನೊಬ್ಬಳೇ. ಅದೆಲ್ಲ ಆಮೇಲೆ ಹೊಳೆದದ್ದು. ಪ್ರಸಾದದ ತಟ್ಟೆಯಿಂದ ಸಿಕ್ಕಷ್ಟು ಲಾಡು ಬಾಚಿಕೊಂಡು ಓಡಿದೆ.

ಕಡಬು ಹೇಳಿದ ಜಾಗದಲ್ಲೇ ಅಪ್ಪ ಇದ್ದರು, ಒಬ್ಬರೇ, ಬೆವರಿನಲ್ಲಿ ತೊಯ್ದು. ಲಾಡು ಮುರಿದು ಬಾಯಿಗಿಟ್ಟೆ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು, "ಸಿಹಿ ತಿನ್ನಬೇಡ ಅಂತ ಬೈಯೋಳು ನೀನೇ ತಿನ್ನಿಸ್ತಿದ್ದೀಯಲ್ಲ" ಎಂದು ಚುಡಾಯಿಸಿದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಸಾವಂತರು ಏದುಸಿರು ಬಿಡುತ್ತ ಬಂದರು. "ಮೇಡಂ, ಆಪ್ ಕಿಸ್‌ಸೇ ಬಾತ್ ಕರ್ ರಹೀ ಥೀ?" ಎಂದು ಕೇಳಿದರು. ಯಾರ ಜೊತೆ ಮಾತಾಡುತ್ತಿದ್ದಿರಿ ಎಂದರೇನು ಅರ್ಥ? ದಂಡೆಯಲ್ಲಿ ನನ್ನ ಪಕ್ಕದಲ್ಲೇ ಇದ್ದವರು, ಅದೇ ಚಾನೆಲ್ಲಿನ ಸೆಟ್ಟು ಹಿಡಿದವರು. ಅವರಿಗೆ ಕೇಳಿಸಿದ್ದು ನನ್ನ ಮಾತು ಮಾತ್ರ. ಗೇಟಿನ ಪೇಢಾನನ್ನು ಕೇಳಿದರೆ ಅವನದೂ ಅದೇ ಉತ್ತರ.

"ಅಪ್ಪ, ಇಲ್ಲಿದ್ದವರು ಎಲ್ಲಿ ಹೋದರು?" ಎಂದೆ.

"ನೀನು ಬರೋಕ್ಕೆ ಸ್ವಲ್ಪ ಮುಂಚೆ ಎದ್ದು ಹೋದ್ರು. ಬಿಜಾಪುರದ ಕಡೆ ಮಾತು. ನನ್ನ ಎರಡೂ ಕೈ ಹಿಡ್ಕೊಂಡು ಕೂತಿದ್ರು, ಪಾಪ."

"ಮತ್ತೆ ಸೆಟ್ಟು?"

"ಸೆಟ್ಟೂ ಇಲ್ಲ ಗಿಟ್ಟೂ ಇಲ್ಲ. ಎರಡೂ ಕೈ ಹಿಡ್ಕೊಂಡಿದ್ರು ಅಂದ್ನಲ್ಲ. ಅವರು ಸುಮ್ನೆ ಮಾತಾಡ್ತಿದ್ರು, ನೀನು ಉತ್ತರ ಕೊಡೋದು ನನಗೂ ಕೇಳಿಸ್ತಿತ್ತು." ಇದರಲ್ಲಿ ಅವರಿಗೇನೂ ವಿಶೇಷ ಕಾಣಲಿಲ್ಲ. ಇನ್ನೊಂದು ಲಾಡು ಕೇಳಿದರು.

ನನ್ನ ವಿದ್ಯೆಯನ್ನೆಲ್ಲ ಹಾಕಿ ತೂಗಿ ನೋಡಿದ್ದೇನೆ. ಸಕ್ಕರೆ ಇಳಿದಾಗ ಇಲ್ಲದ್ದು ಕಂಡೀತು ಎಂದರೆ ಅದು ಅಪ್ಪನಿಗಾಯಿತು, ನನ್ನ ಕಿವಿಗೆ ಏನಾಗಿತ್ತು? ಬೇರೆ ಮಂಡಳಿಯ ಸೆಟ್ಟು ಎಂದರೆ ಸಾವಂತರ ಸೆಟ್ಟು ಯಾಕೆ ಸುಮ್ಮನಿತ್ತು? ಒಂದನ್ನು ಎಳೆದು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ಸೋತು ಕೈಬಿಟ್ಟಿದ್ದೇನೆ.

ಆದರೆ ಆ ಗಡಿಬಿಡಿಯಲ್ಲಿ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂಬ ಸಂಕಟ ಹೋಗಿಲ್ಲ. ಈಗ ಪ್ರತಿ ವಿಸರ್ಜನೆ ಮುಗಿದ ಮೇಲೆ, ಸೆಟ್ಟು ಆರಿಸುವ ಮೊದಲು, "ಕಡಬು, ನಾನು ಲಾಡು. ಅಪ್ಪ ಚೆನ್ನಾಗಿದ್ದಾರೆ, ಊಟ ಆಯ್ತು ರೀ" ಎಂದು ಹೇಳುತ್ತೇನೆ. ಉತ್ತರ ಬಂದಿಲ್ಲ. ಕನ್ನಡ ಬಾರದ ನಮ್ಮ ಮೋದಕ, ಪೇಢಾಗಳು ಮಾತ್ರ ಆಮೇಲೆ ಸ್ವಲ್ಪ ಹೊತ್ತು ಯಾರೂ ಗುಂಡಿ ಒತ್ತದೆ ಚಾನೆಲ್ ಖಾಲಿ ಬಿಟ್ಟು ಕಾಯುತ್ತಾರೆ.