ಸೀರೆ ಗಾರ್ಡ್ ಬಿಚ್ಚಿಸಿದ ಮೇಲೆ

ಐವತ್ತು ದಾಟಿದ ಮೇಲೆ ಮೈಯಲ್ಲಿ ಕಸುವು ಇಳಿದಷ್ಟೂ ಗಾಡಿಯ ಮೇಲೆ ಆಸೆ ಏರುತ್ತದೆ. ನನ್ನನ್ನೇ ನೋಡಿ. ನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಂಪನಿ ಬಸ್ಸು ಇಳಿಯುವ ಹೊತ್ತಿಗೆ ಚಪ್ಪಲಿ ಬಿಚ್ಚಲೂ ತ್ರಾಣವಿರುವುದಿಲ್ಲ. ಅಂಥವನು ಟಾರು ರಸ್ತೆಗೆಂದೇ ಹುಟ್ಟಿದ ಹಳೇ ಬೈಕನ್ನು ಕಲ್ಲುದಾರಿಗೆ ಅಣಿ ಮಾಡಲು ಹೊರಟೆ.

ಕಾರಣವಿತ್ತು. ಹೆಂಡತಿ ಸರೋಜಳ ತವರು ಗೌನಿಪಲ್ಲಿ ಪಕ್ಕದ ಮಾವಿನ ತೋಟ. ವರ್ಷದ ಮೊದಲ ಕಾಯಿಗೆ ಮನೆಮಗಳು ಕೈ ಹಾಕದೆ ಅಲ್ಲಿ ಬುಟ್ಟಿ ತುಂಬುವುದಿಲ್ಲ. ಕೊನೆಯ ಎರಡು ಮೈಲಿ ದಾರಿಯೆನ್ನುವುದು ಹೆಸರಿಗೆ ಮಾತ್ರ. ಹೋದ ವರ್ಷ ಅಲ್ಲಿ ಗಾಡಿ ಓಡಿಸಿ ಸೊಂಟ ಹಿಡಿದುಕೊಂಡು ವಾರ ಮಲಗಿದ್ದೆ.

ಶ್ರೀನಿವಾಸಪುರದ ಮೆಕ್ಯಾನಿಕ್ ಅನ್ವರ್ ಭಾಯಿ ಗಾಡಿಗೆ ಒಂದು ಸುತ್ತು ಬಂದರು. "ಹಗುರ ಆಗ್ಬೇಕು ಸಾರ್. ಬೇಡದ್ದೆಲ್ಲ ನಿಕಾಲ್!" ಹಲ್ಲುಹಲ್ಲಿನ ಟೈರು ಬಂತು, ಎಂಜಿನ್ ಹೊಟ್ಟೆಗೆ ದಪ್ಪ ತಗಡು ಬಂತು, ಹಿಂಭಾಗ ಎತ್ತರವಾಯಿತು. ಬೇಡದ್ದೆಂದು ಸೀರೆ ಗಾರ್ಡ್, ಹಿಂದೆ ಕೂರುವವರ ಕಾಲುಮೆಟ್ಟು, ಹಿಡಿಕೆ ಹೋದವು. ನಾಲ್ಕು ಭಾನುವಾರ ಅಲ್ಲೇ ಸ್ಟೂಲಿನ ಮೇಲೆ ತೂಕಡಿಸುತ್ತಾ ಎಲ್ಲದಕ್ಕೂ ಹ್ಞೂಂ ಅಂದೆ. ತ್ಯಾಗದಿಂದ ಮೋಕ್ಷ ಎಂದರು ಹಿರಿಯರು. ಯಾರದ್ದನ್ನು ತ್ಯಾಗ ಮಾಡುತ್ತಿದ್ದೀಯ ನೋಡಿಕೋ ಎಂದೂ ಹೇಳಬಾರದಿತ್ತೇ?

ಹೊರಡುವ ಬೆಳಿಗ್ಗೆ ಸರೋಜ ಸೆರಗು ಸಿಕ್ಕಿಸಿಕೊಂಡು ಬಂದಳು.

"ಕಾಲು ಎಲ್ರೀ ಇಡ್ಲಿ?"

ಇಪ್ಪತ್ತನಾಲ್ಕು ವರ್ಷ ಬೆನ್ನ ಹಿಂದೆ ಕೂತವಳು ನನಗೆ ಒಂದು ಸಲವೂ ನೆನಪಾಗಿರಲಿಲ್ಲ! ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

"ಬಿಡಿ, ನಾನು ಬಸ್ಸಲ್ಲಿ ಬರ್ತೀನಿ" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಾಡಿ ಕಲ್ಲನ್ನೆಲ್ಲ ದಾಟಿತು, ಸುಳ್ಳು ಹೇಳಬಾರದು. ಆದರೆ "ಮುಂದೆ ಹಳ್ಳ ಐತೆ, ನಿಧಾನ" ಅನ್ನುವವರಿಲ್ಲದೆ ಎರಡು ಸಲ ಗಾಡಿ ಸಮೇತ ಬಿದ್ದೆ. ತೋಟದಲ್ಲಿ ಭಾವಮೈದ ನನ್ನ ಬೆನ್ನ ಹಿಂದೆ ಇಣುಕಿದ.

"ಅಕ್ಕ ಯಾಡ ಬಾವಾ? ಕಾಯಿ ಕೀಳೋರೆಲ್ಲ ಕಾಯ್ತಾ ಕೂತವ್ರೆ."

"ಬಸ್ಸಲ್ಲಿ" ಅಂದೆ. ಸರೋಜ ಎರಡು ಮೈಲಿ ನಡೆದು ಬಂದಾಗ ಬಿಸಿಲು ನೆತ್ತಿಗೇರಿತ್ತು. ಮೊದಲ ಕಾಯಿ ಕಿತ್ತಳು. ನನ್ನ ಮುಖವನ್ನೂ ನೋಡಲಿಲ್ಲ.

ಸಂಜೆ ಗಾಡಿಯನ್ನು ತೋಟದಲ್ಲೇ ಬಿಟ್ಟು ಅವಳ ಜೊತೆ ನಡೆದೆ. ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಅವಳನ್ನು ಕೂರಿಸಿ ಕಂಬಿ ಹಿಡಿದು ನಿಂತೆ. ಸೊಂಟ ಚುಚ್ಚುತ್ತಿತ್ತು, ಹೇಳುವ ಮುಖ ಎಲ್ಲಿತ್ತು? ಸ್ವಲ್ಪ ದೂರ ಹೋದ ಮೇಲೆ ಸರೋಜ ಕಿಟಕಿಯ ಕಡೆಗೆ ಸರಿದಳು.

"ಬನ್ನಿ, ಇಬ್ಬರಿಗೂ ಜಾಗ ಆಗುತ್ತೆ."